ಸಂಬಳದ ಧಾರಣೆ ಕಟ್ಟುವವರು ಯಾರು?

ಹೆಂಗಸರ ವಯಸ್ಸನ್ನೂ ಗಂಡಸರ ಸಂಬಳವನ್ನೂ ಕೇಳಬಾರದೆಂಬುದು ಹಿರಿಯರು ಹೇಳುತ್ತ ಬಂದ ಮಾತು. ಕಾಲ ಬದಲಾಯಿತು, ಈಗ ಹೆಂಗಸರೂ ಸಂಬಳ ತರುತ್ತಾರೆ, ಗಂಡಸರೂ ತಲೆಗೆ ಬಣ್ಣ ಹಚ್ಚಿ ವಯಸ್ಸನ್ನು ಮರೆಮಾಚುತ್ತಾರೆ. ಆದರೆ ಸಂಬಳದ ಸುತ್ತಲಿನ ಸಂಕೋಚ ಮಾತ್ರ ಇದ್ದಲ್ಲಿಯೇ ಇದೆ. ಒಂದೇ ಕಚೇರಿಯಲ್ಲಿ ಅಕ್ಕಪಕ್ಕದ ಮೇಜಿನಲ್ಲಿ ಹತ್ತು ವರ್ಷ ಕುಳಿತವರು, ಒಬ್ಬರ ಮನೆಯ ಗೃಹಪ್ರವೇಶದಲ್ಲಿ ಇನ್ನೊಬ್ಬರು ಹೋಳಿಗೆ ಉಂಡವರು, ಪರಸ್ಪರರ ಸಂಬಳವೆಷ್ಟೆಂಬುದನ್ನು ಅರಿಯರು. ಮದುವೆಯ ಮಾತುಕತೆಯಲ್ಲಿ ಮಾತ್ರ ಅದು ಹೊರಬೀಳುತ್ತದೆ. ಅಲ್ಲಿಯೂ ಸ್ವಲ್ಪ ಉಬ್ಬಿಕೊಂಡೇ ಹೊರಬೀಳುತ್ತದೆ.

ಈ ಮೌನದಿಂದ ಲಾಭ ಯಾರಿಗೆ, ನಷ್ಟ ಯಾರಿಗೆ? ಉತ್ತರ ಬೇಕಾದರೆ ನಮ್ಮ ನಾಡಿನ ಎರಡು ಸಂತೆಗಳನ್ನು ನೆನೆಯಬೇಕು. ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಯಲ್ಲಿ ಕೊಳ್ಳುವವನೂ ಮಾರುವವನೂ ಟವಲಿನ ಮರೆಯಲ್ಲಿ ಕೈಗೆ ಕೈ ಸೇರಿಸಿ, ಬೆರಳು ಹಿಡಿದು ಬೆಲೆ ಮಾತನಾಡುವ ಪದ್ಧತಿಯುಂಟು. ಪಕ್ಕದಲ್ಲಿ ನಿಂತವನಿಗೆ ಎತ್ತಿನ ಜೋಡಿ ಕಾಣುತ್ತದೆ, ಬೆಲೆ ಕಾಣದು. ಆ ದಿನದ ನಿಜವಾದ ದರ ಬಲ್ಲವನು ಒಬ್ಬನೇ: ಬೆಳಗಿನಿಂದ ನೂರು ಕೈ ಹಿಡಿದ ದಳ್ಳಾಳಿ. ಇನ್ನೊಂದು ಕಡೆ ಶಿವಮೊಗ್ಗದ ಅಡಿಕೆ ಮಾರುಕಟ್ಟೆ. ಅಲ್ಲಿ ರಾಶಿಗೆಷ್ಟು, ಬೆಟ್ಟೆಗೆಷ್ಟು, ಗೊರಬಲಿಗೆಷ್ಟು ಎಂಬ ಧಾರಣೆ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ತೀರ್ಥಹಳ್ಳಿಯ ಬೆಳೆಗಾರ ಜಗಲಿಯಲ್ಲಿ ಕುಳಿತೇ ಓದಿಕೊಂಡು ಮಾರುವುದೋ ಕಾಯುವುದೋ ಎಂದು ನಿಶ್ಚಯಿಸುತ್ತಾನೆ.

ಸರಕಾರಿ ನೌಕರನ ಸಂಬಳ ಅಡಿಕೆಯ ಧಾರಣೆಯಂತೆ: ವೇತನ ಶ್ರೇಣಿ ಬಯಲಿನಲ್ಲಿದೆ, ಯಾರು ಬೇಕಾದರೂ ನೋಡಬಹುದು. ಖಾಸಗಿ ಕಂಪನಿಯ ಸಂಬಳ ಎತ್ತಿನ ಬೆಲೆಯಂತೆ: ಟವಲಿನ ಮರೆಯಲ್ಲಿ ಕುದುರುತ್ತದೆ. ಈ ಎರಡನೆಯ ಸಂತೆಯ ದಳ್ಳಾಳಿಯ ಹೆಸರೇ ವೇತನ ಸಮೀಕ್ಷೆ. ಬೆಂಗಳೂರಿನಂಥ ನಗರದಲ್ಲಿ ಮಗನಿಗೋ ಮಗಳಿಗೋ ಕೆಲಸದ ಪತ್ರ ಬಂದಾಗ, ಅದರಲ್ಲಿರುವ ಅಂಕಿ ಎಲ್ಲಿಂದ ಹುಟ್ಟಿತೆಂದು ಯೋಚಿಸುವ ತಂದೆತಾಯಿಗಳು ಈ ದಳ್ಳಾಳಿಯ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು.

ಸಮೀಕ್ಷೆ ನಡೆಯುವ ಬಗೆ

ದೊಡ್ಡ ಕಂಪನಿಗಳು ತಮ್ಮ ನೌಕರರ ಸಂಬಳದ ಪಟ್ಟಿಯನ್ನು, ಹೆಸರುಗಳನ್ನು ತೆಗೆದುಹಾಕಿ, ಒಂದು ಸಲಹಾ ಸಂಸ್ಥೆಗೆ ಕೊಡುತ್ತವೆ. ಇಂಥ ಹತ್ತಾರು ಕಂಪನಿಗಳ ಪಟ್ಟಿಗಳನ್ನು ಸಂಸ್ಥೆ ಒಟ್ಟುಗೂಡಿಸಿ, ಕೆಲಸಕ್ಕೆ ಕೆಲಸ ಹೊಂದಿಸಿ, ಒಂದು ಪುಸ್ತಕ ಮಾಡಿ, ಪಾಲುಗೊಂಡ ಕಂಪನಿಗಳಿಗೆ ಬೆಲೆಗೆ ಕೊಡುತ್ತದೆ. ಪಟ್ಟಿ ಕೊಟ್ಟವರಿಗೆ ಪುಸ್ತಕ. ಪಟ್ಟಿಯಲ್ಲಿ ಯಾರ ಸಂಬಳವಿದೆಯೋ ಆ ನೌಕರನಿಗೆ ಅದರ ಒಂದು ಹಾಳೆಯೂ ಸಿಕ್ಕದು.

ಇದರಲ್ಲಿ ಕಷ್ಟದ ಕೆಲಸವೆಂದರೆ ಹೊಂದಿಸುವುದು. ಒಂದು ಕಂಪನಿಯ ‘ಮ್ಯಾನೇಜರ’ನ ಕೈಕೆಳಗೆ ನೂರು ಜನರಿರಬಹುದು, ಇನ್ನೊಂದರ ಮ್ಯಾನೇಜರನಿಗೆ ತನ್ನ ಕುರ್ಚಿಯ ಹೊರತು ಮತ್ತಾರೂ ಅಧೀನರಿಲ್ಲದಿರಬಹುದು. ಆದ್ದರಿಂದ ಹುದ್ದೆಯ ಹೆಸರನ್ನು ಬಿಟ್ಟು, ಅದಕ್ಕೆ ಬೇಕಾದ ತಿಳಿವಳಿಕೆಯೆಷ್ಟು, ಬಿಡಿಸಬೇಕಾದ ಸಮಸ್ಯೆಗಳೆಂಥವು, ಹೊರಬೇಕಾದ ಹೊಣೆಯೆಷ್ಟು ಎಂದು ಅಂಕ ಹಾಕುವ ಪದ್ಧತಿ ಬಂದಿತು. ಅಮೆರಿಕದ ಫಿಲಡೆಲ್ಫಿಯದಲ್ಲಿ ಎಡ್ವರ್ಡ್ ಹೇ ಎಂಬವರು 1943ರಲ್ಲಿ ಆರಂಭಿಸಿದ ಸಲಹಾ ಸಂಸ್ಥೆಯ ಮೂಲಕ ಈ ಬಗೆಯ ಅಂಕ ಪದ್ಧತಿ ಲೋಕವೆಲ್ಲ ಹಬ್ಬಿತು. ಇಂದು ಭಾರತದಲ್ಲಿಯೂ ಹಲವು ಸಲಹಾ ಸಂಸ್ಥೆಗಳು ವರ್ಷವರ್ಷವೂ ಸಮೀಕ್ಷೆ ನಡೆಸಿ, ‘ಈ ವರ್ಷ ಸರಾಸರಿ ಸಂಬಳ ಏರಿಕೆ ಶೇಕಡ ಇಷ್ಟು’ ಎಂದು ಸಾರುತ್ತವೆ. ಈಚಿನ ವರ್ಷಗಳಲ್ಲಿ ಆ ಅಂಕಿ ಶೇಕಡ 9-10ರ ಆಸುಪಾಸಿನಲ್ಲಿಯೇ ಸುತ್ತುತ್ತಿದೆ. ಒಂದು ಸೋಜಿಗವನ್ನು ಗಮನಿಸಿ: ಎಲ್ಲರೂ ಇಷ್ಟು ಕೊಡಲಿದ್ದಾರೆಂದು ಓದಿದ ಮೇಲೆ ಎಲ್ಲರೂ ಅಷ್ಟೇ ಕೊಡುತ್ತಾರೆ. ಮಳೆಯ ಮುನ್ಸೂಚನೆಯಿಂದ ಮೋಡ ಬದಲಾಗದು. ಸಂಬಳದ ಮುನ್ಸೂಚನೆಯಿಂದ ಸಂಬಳವೇ ಬದಲಾಗುತ್ತದೆ.

ಸರಕಾರದ ತಕ್ಕಡಿ

ಸಂಬಳವನ್ನು ಅಳೆಯಲು ಇನ್ನೊಂದು ತಕ್ಕಡಿಯೂ ಉಂಟು. ನೆರೆಯವನು ಎಷ್ಟು ಕೊಡುತ್ತಾನೆಂದು ನೋಡದೆ, ಒಂದು ಸಂಸಾರಕ್ಕೆ ಎಷ್ಟು ಬೇಕೆಂದು ನೋಡುವ ತಕ್ಕಡಿ ಅದು. 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನಕ್ಕೆ ಸೂತ್ರವೊಂದನ್ನು ಒಪ್ಪಿತು. ದುಡಿಯುವವನ ಸಂಸಾರವನ್ನು ಮೂರು ಭಾಗವೆಂದು ಎಣಿಸಿ, ಒಂದೊಂದು ಭಾಗಕ್ಕೆ ದಿನಕ್ಕೆ 2,700 ಕ್ಯಾಲರಿ ಆಹಾರ, ನಾಲ್ವರಿಗೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇವಲ್ಲದೆ ಸೌದೆ, ದೀಪ ಮುಂತಾದ ಖರ್ಚಿಗೆ ಒಟ್ಟಿನ ಶೇಕಡ 20. ಆಹಾರದ ಲೆಕ್ಕಕ್ಕೆ ಆಧಾರ, ಕೂನೂರಿನ ಪೌಷ್ಟಿಕ ಆಹಾರ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಡಾಕ್ಟರ್ ಅಯ್ಕ್ರಾಯ್ಡ್ ಅವರು ಹಾಕಿದ ಪಟ್ಟಿ. ಏಳನೆಯ ಕೇಂದ್ರ ವೇತನ ಆಯೋಗ 2015ರಲ್ಲಿ ಕನಿಷ್ಠ ವೇತನ ತಿಂಗಳಿಗೆ 18,000 ರೂಪಾಯಿಯೆಂದು ಶಿಫಾರಸು ಮಾಡಿದಾಗಲೂ ಹಿಡಿದದ್ದು ಇದೇ ಸೂತ್ರವನ್ನು. ಅಕ್ಕಿ, ಬೇಳೆ, ಹಾಲು, ಸಕ್ಕರೆಗಳನ್ನು ತೂಗಿ ಸಂಬಳ ಕಟ್ಟುವ ಈ ಕ್ರಮ ನಮ್ಮ ಗೃಹಿಣಿಯರಿಗೆ ಹೊಸದೇನಲ್ಲ. ತಿಂಗಳ ಮೊದಲ ವಾರದಲ್ಲಿ ಅವರು ಮಾಡುವ ದಿನಸಿಯ ಚೀಟಿಯೇ ಅದು.

ಆದರೆ ಅದೇ ಆಯೋಗ ನೆರೆಮನೆಯತ್ತಲೂ ಕಣ್ಣು ಹಾಯಿಸಿತು. ಖಾಸಗಿ ಸಂಸ್ಥೆಗಳ ಸಂಬಳದೊಡನೆ ಹೋಲಿಸಿ ನೋಡಲು ಅಹಮದಾಬಾದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸಂಸ್ಥೆಯನ್ನು ನೇಮಿಸಿತು. ಕಂಡುಬಂದ ಸಂಗತಿ ಇದು: ಕೆಳಗಿನ ಮೆಟ್ಟಿಲಿನ ಸಹಾಯಕನಿಗೆ ಸರಕಾರದಲ್ಲಿ ಎಲ್ಲ ಸೇರಿ ತಿಂಗಳಿಗೆ 22,579 ರೂಪಾಯಿ ದೊರೆಯುತ್ತಿದ್ದರೆ, ಸಮೀಕ್ಷೆಗೆ ಒಳಗಾದ ಖಾಸಗಿ ಸಂಸ್ಥೆಗಳಲ್ಲಿ ಅದೇ ಕೆಲಸಕ್ಕೆ 8,000ದಿಂದ 9,500 ರೂಪಾಯಿ. ಹೋಲಿಕೆಯನ್ನೊಂದೇ ನಂಬಿದ್ದರೆ ಆ ಸಹಾಯಕನ ಸಂಬಳ ಇಳಿಯಬೇಕಾಗಿತ್ತು. ಅನ್ನದ ಲೆಕ್ಕ ಅವನನ್ನು ಕಾಪಾಡಿತು. ಪೇಟೆಯ ದರ ನ್ಯಾಯವಾದ ದರವೇ ಆಗಿರಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಡ.

ಕರ್ನಾಟಕದ ನೌಕರರಿಗೆ ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ಇಲ್ಲಿ ಚೌಕಾಸಿಯೆಲ್ಲ ಸಂಘಗಳ ಮೂಲಕ, ಬಯಲಿನಲ್ಲಿ ನಡೆಯುತ್ತದೆ. ಒಬ್ಬಂಟಿಯಾಗಿ ಕುಳಿತು ತನ್ನ ಬೆಲೆ ತಾನೇ ಹೇಳಬೇಕಾದ ಪ್ರಸಂಗ ಬರುವುದು ಖಾಸಗಿ ಕೆಲಸದವನಿಗೆ.

ಸರಾಸರಿಯ ಮಾಯೆ

ಅವನು ಪತ್ರಿಕೆಯಲ್ಲಿ ‘ಈ ಹುದ್ದೆಗೆ ಸರಾಸರಿ ಸಂಬಳ ಐವತ್ತು ಸಾವಿರ’ ಎಂದು ಓದಿ ಹೋಗುತ್ತಾನೆ. ಸರಾಸರಿ ಎಂಬುದು ಹೇಗೆ ಮೋಸಮಾಡುತ್ತದೆಂದು ನೋಡೋಣ. ಒಂದು ಕಚೇರಿಯಲ್ಲಿ ಒಂಬತ್ತು ಜನರಿದ್ದಾರೆನ್ನಿ. ಅವರ ಸಂಬಳ ಸಾವಿರ ರೂಪಾಯಿಗಳ ಲೆಕ್ಕದಲ್ಲಿ 30, 32, 35, 38, 40, 42, 45, 60 ಮತ್ತು 128. ಒಟ್ಟು ನಾಲ್ಕೂವರೆ ಲಕ್ಷ. ಒಂಬತ್ತರಿಂದ ಭಾಗಿಸಿದರೆ ಸರಾಸರಿ ಐವತ್ತು ಸಾವಿರ. ಆದರೆ ಐವತ್ತು ಸಾವಿರಕ್ಕಿಂತ ಹೆಚ್ಚು ಪಡೆಯುವವರು ಇಬ್ಬರೇ! ಸಾಲಿನ ನಟ್ಟನಡುವೆ ನಿಂತವನ ಸಂಬಳ ನಲವತ್ತು ಸಾವಿರ. ಈ ನಡುವಿನ ಅಂಕಿಗೆ ಮಧ್ಯಾಂಕವೆಂದು ಹೆಸರು. ಸಂಬಳದ ವಿಷಯದಲ್ಲಿ ನಂಬಬೇಕಾದದ್ದು ಸರಾಸರಿಯನ್ನಲ್ಲ, ಮಧ್ಯಾಂಕವನ್ನು.

ಅಂಕಿಗಳನ್ನು ಯಾರಿಂದ ಕೇಳಿ ಬರೆದರೆಂಬುದೂ ಮುಖ್ಯ. ಕಂಪನಿಗಳು ಕೊಡುವ ಪಟ್ಟಿ ಸಂಬಳ ಬಟವಾಡೆಯ ದಾಖಲೆಯಿಂದ ಬಂದದ್ದು, ಅದು ಖಚಿತ. ಅಂತರಜಾಲದಲ್ಲಿ ನೌಕರರು ತಾವಾಗಿಯೇ ತುಂಬುವ ಅಂಕಿಗಳು ಹಾಗಲ್ಲ. ಅಲ್ಲಿ ಬರೆಯಲು ಬರುವವರು ಬಹುಮಟ್ಟಿಗೆ ಎರಡು ಬಗೆಯವರು: ಸಂಬಳದಿಂದ ಬೀಗುತ್ತಿರುವವರು, ಸಂಬಳದಿಂದ ಬೇಸತ್ತವರು. ಸಮಾಧಾನಿಗಳು ಸುಮ್ಮನಿರುತ್ತಾರೆ. ಜೊತೆಗೆ ಐದು ವರ್ಷ ಹಿಂದಿನ ಅಂಕಿಯೂ ನಿನ್ನೆಯ ಅಂಕಿಯೂ ಒಂದೇ ರಾಶಿಗೆ ಬಿದ್ದಿರುತ್ತವೆ.

ಸಂದರ್ಶನದ ಕೋಣೆಯೊಳಗೆ

ಅಭ್ಯರ್ಥಿ ಕೋಣೆಯನ್ನು ಹೊಗುವ ಮೊದಲೇ ಅವನ ಸಂಬಳದ ಗಡಿಗಳು ನಿಶ್ಚಯವಾಗಿರುತ್ತವೆ. ಸಮೀಕ್ಷೆಯ ಪುಸ್ತಕವನ್ನು ಮುಂದಿಟ್ಟುಕೊಂಡು ಕಂಪನಿ ಮೊದಲು ತನ್ನ ನಿಲುವನ್ನು ತೀರ್ಮಾನಿಸುತ್ತದೆ: ನಾವು ಪೇಟೆಯ ನಡುವೆ ನಿಲ್ಲೋಣವೇ, ಮೇಲಿನ ಕಾಲುಭಾಗದಲ್ಲಿಯೇ? ಆ ನಿಲುವಿನ ಮೇಲೆ ಪ್ರತಿ ಹುದ್ದೆಗೂ ಕೆಳಗಿನ ಮಿತಿ, ನಡುವಣ ಅಂಕಿ, ಮೇಲಿನ ಮಿತಿ ಎಂದು ಮೂರು ಗೆರೆ ಎಳೆಯುತ್ತಾರೆ. ಮಾತುಕತೆಯೆಲ್ಲ ಈ ಗೆರೆಗಳ ನಡುವೆ. ‘ನಮ್ಮ ಕೈಲಿ ಇಷ್ಟೇ ಸಾಧ್ಯ’ ಎಂದು ಅಧಿಕಾರಿ ಹೇಳುವುದು ಎಷ್ಟೋ ಸಲ ಸುಳ್ಳಲ್ಲ. ಆದರೆ ಅವನ ಮೊದಲ ಅಂಕಿ ಮೇಲಿನ ಗೆರೆಯಾಗಿರುವುದು ಅಪರೂಪ.

ಅಲ್ಲಿ ಕೇಳುವ ಮೊದಲ ಪ್ರಶ್ನೆಯೇ ‘ಈಗ ಎಷ್ಟು ಬರುತ್ತಿದೆ?’ ನಮ್ಮ ದೇಶದಲ್ಲಿ ಹಿಂದಿನ ಮೂರು ತಿಂಗಳ ಸಂಬಳದ ಚೀಟಿ ಕೇಳುವುದು ಸಾಮಾನ್ಯ. ಹಳೆಯ ಸಂಬಳದ ಮೇಲೆ ಶೇಕಡ ಇಷ್ಟು ಎಂದು ಕೂಡಿಸಿ ಹೊಸದನ್ನು ಕಟ್ಟುತ್ತಾರೆ. ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಸಮಾನ ಯೋಗ್ಯತೆಯ ಇಬ್ಬರು ಗೆಳತಿಯರು. ಒಬ್ಬಳಿಗೆ ಒಳ್ಳೆಯ ವರ್ಷದಲ್ಲಿ 30,000 ರೂಪಾಯಿಗೆ ಕೆಲಸ ಸಿಕ್ಕಿತು, ಇನ್ನೊಬ್ಬಳಿಗೆ ಕೆಟ್ಟ ವರ್ಷದಲ್ಲಿ 24,000ಕ್ಕೆ. ಇಬ್ಬರೂ ಮೂರು ಸಲ ಕೆಲಸ ಬದಲಿಸಿ, ಪ್ರತಿ ಸಲವೂ ಶೇಕಡ 20 ಹೆಚ್ಚು ಪಡೆದರೆನ್ನಿ. ಮೊದಲನೆಯವಳ ಸಂಬಳ 51,840, ಎರಡನೆಯವಳದು 41,472. ಆರು ಸಾವಿರದ ಅಂತರ ಹತ್ತು ಸಾವಿರವನ್ನು ಮೀರಿತು. ಒಂದು ಕೆಟ್ಟ ವರ್ಷದ ನೆರಳು ಬಾಳಿನುದ್ದಕ್ಕೂ ಹಿಂಬಾಲಿಸುವುದೆಂದರೆ ಇದೇ. ಈ ಅನ್ಯಾಯವನ್ನು ಮನಗಂಡು ಅಮೆರಿಕದ ಮ್ಯಾಸಚೂಸೆಟ್ಸ್ ಮತ್ತು ಕ್ಯಾಲಿಫೋರ್ನಿಯ ರಾಜ್ಯಗಳು 2018ರಿಂದ, ಅಭ್ಯರ್ಥಿಯ ಹಳೆಯ ಸಂಬಳವನ್ನು ವಿಚಾರಿಸುವುದನ್ನು ಕಾನೂನಿನ ಮೂಲಕ ತಡೆದವು.

ಧಣಿಗಳ ಒಳಮಾತು

ಕೊಳ್ಳುವವರೆಲ್ಲ ಸೇರಿ, ‘ನೀನೆಷ್ಟು ಕೊಡುವೆ, ನಾನೆಷ್ಟು ಕೊಡುವೆ’ ಎಂದು ಮೊದಲೇ ಮಾತಾಡಿಕೊಂಡರೆ ಸಂತೆ ಸಂತೆಯಾಗಿ ಉಳಿಯದು. ವೇತನ ಸಮೀಕ್ಷೆ ಈ ಗೆರೆಯನ್ನು ದಾಟಿತೆಂಬ ಆರೋಪಗಳು ಅಮೆರಿಕದ ನ್ಯಾಯಾಲಯಗಳ ಮೆಟ್ಟಿಲೇರಿವೆ. ಹದಿನಾಲ್ಕು ತೈಲ ಕಂಪನಿಗಳು ನಡೆಸುತ್ತಿದ್ದ ಸಮೀಕ್ಷೆಯಿಂದ ತಮ್ಮ ಸಂಬಳ ಕುಗ್ಗಿತೆಂದು ತಾಂತ್ರಿಕ ಮತ್ತು ವೃತ್ತಿಪರ ನೌಕರರ ಪರವಾಗಿ ಮೊಕದ್ದಮೆಯೊಂದು ಹೂಡಲ್ಪಟ್ಟಿತು. ಕೆಳಗಿನ ನ್ಯಾಯಾಲಯ ಅದನ್ನು ವಜಾ ಮಾಡಿತ್ತು. 2001ರಲ್ಲಿ ಮೇಲ್ಮನವಿಯ ನ್ಯಾಯಪೀಠ ಆ ತೀರ್ಪನ್ನು ತಳ್ಳಿಹಾಕಿ, ಮೊಕದ್ದಮೆ ಮುಂದುವರಿಯಬಹುದೆಂದಿತು. ಆ ತೀರ್ಪನ್ನು ಬರೆದವರು, ಮುಂದೆ 2009ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯಕ್ಕೆ ಏರಿದ ಸೋನಿಯಾ ಸೊಟೊಮೇಯರ್.

2006ರಲ್ಲಿ ಡೆಟ್ರಾಯಿಟ್ ನಗರದ ದಾದಿಯರು ಎದ್ದುನಿಂತರು. ದಾದಿಯರಿಗೆ ಅಭಾವವಿದ್ದ ಕಾಲದಲ್ಲಿಯೂ ಸಂಬಳ ಏರದಿರಲು, ಅಲ್ಲಿನ ಆಸ್ಪತ್ರೆಗಳು ಸಂಬಳದ ಮಾಹಿತಿಯನ್ನು ಪರಸ್ಪರ ಹಂಚಿಕೊಂಡದ್ದೇ ಕಾರಣವೆಂಬುದು ಅವರ ವಾದ. ವರ್ಷಗಟ್ಟಲೆ ನಡೆದ ಆ ವ್ಯಾಜ್ಯ ರಾಜಿಯಲ್ಲಿ ಮುಗಿದು, ಎಲ್ಲ ಆಸ್ಪತ್ರೆಗಳೂ ಕೂಡಿ ಸುಮಾರು 9 ಕೋಟಿ ಡಾಲರ್ ತೆರಬೇಕಾಯಿತು.

ಸಮೀಕ್ಷೆ ನಿರಪಾಯಕಾರಿಯಾಗಿರಲು ಅಲ್ಲಿನ ಸರಕಾರ 1990ರ ದಶಕದಲ್ಲಿ ಆಸ್ಪತ್ರೆಗಳಿಗಾಗಿ ಕೆಲವು ನಿಯಮಗಳನ್ನು ಹೇಳಿತ್ತು: ಸಮೀಕ್ಷೆಯನ್ನು ಹೊರಗಿನವರು ನಡೆಸಬೇಕು, ಅಂಕಿಗಳು ಮೂರು ತಿಂಗಳಿಗಿಂತ ಹಳೆಯವಾಗಿರಬೇಕು, ಕಡಮೆಯೆಂದರೆ ಐದು ಸಂಸ್ಥೆಗಳಿರಬೇಕು, ಯಾವುದೇ ಒಂದರ ಪಾಲು ಶೇಕಡ 25ನ್ನು ಮೀರಬಾರದು. ಇತರ ಉದ್ಯಮಗಳೂ ಇದನ್ನೇ ಮಾದರಿಯಾಗಿ ಹಿಡಿದವು. 2023ರಲ್ಲಿ ಸರಕಾರ ಈ ಅಭಯವನ್ನೂ ಹಿಂತೆಗೆದುಕೊಂಡಿತು. ಕಂಪ್ಯೂಟರಿನ ಯುಗದಲ್ಲಿ ಮೂರು ತಿಂಗಳ ಹಳೆಯ ಅಂಕಿಯಿಂದಲೂ ಇಂದಿನದನ್ನು ಊಹಿಸುವುದು ಕಷ್ಟವಲ್ಲವೆಂಬುದು ಅದಕ್ಕೆ ಒಂದು ಕಾರಣ.

ಬೆಲೆ ಬಯಲಾದರೆ ಏನಾಗುತ್ತದೆ?

ಹಾಗಾದರೆ ಸಮೀಕ್ಷೆ ಕೆಟ್ಟದ್ದೇ? ಅಷ್ಟು ಸುಲಭವಾಗಿ ತೀರ್ಪು ಹೇಳಲಾಗದು. ಅರ್ಥಶಾಸ್ತ್ರಜ್ಞರಾದ ಜೋಯಿ ಕಲನ್, ಶೆಂಗ್ವು ಲಿ, ರಿಕಾರ್ಡೊ ಪೆರೆಜ್-ಟ್ರುಗ್ಲಿಯ ಅವರು ಇಂಥ ಮಾಹಿತಿ ಕೈಗೆ ಬಂದ ಕಂಪನಿಗಳ ನೇಮಕಗಳನ್ನು ಪರಿಶೀಲಿಸಿದರು. ಮಾಹಿತಿ ಬಂದ ಮೇಲೆ ಹೊಸಬರ ಸಂಬಳ ಪೇಟೆಯ ಮಧ್ಯಾಂಕದತ್ತ ಸರಿಯಿತು. ಮಧ್ಯಾಂಕದಿಂದ ಅದಕ್ಕಿದ್ದ ದೂರ ಸುಮಾರು ಕಾಲುಭಾಗ ಕಡಮೆಯಾಯಿತು. ಮೇಲಿದ್ದದ್ದು ಇಳಿಯಿತು, ಕೆಳಗಿದ್ದದ್ದು ಏರಿತು. ಹೆಚ್ಚು ತರಬೇತಿ ಬೇಡದ ಕೆಲಸಗಳಲ್ಲಿ ಸರಾಸರಿ ಸಂಬಳ ಏರಿದ್ದೂ ಉಂಟು. ಅಂದರೆ ಧಣಿಗಳಲ್ಲಿ ಹಲವರು ಕಡಮೆ ಕೊಡುತ್ತಿದ್ದದ್ದು ಲೋಭದಿಂದಲ್ಲ, ಅಜ್ಞಾನದಿಂದ!

ನೌಕರನ ಮನಸ್ಸಿನ ಮಾತೇನು? ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಸಹೋದ್ಯೋಗಿಗಳ ಸಂಬಳ ತಿಳಿಯುವ ದಾರಿಯನ್ನು ಕೆಲವು ನೌಕರರಿಗೆ ತೋರಿಸಿ, ಆಮೇಲೆ ವಿಚಾರಿಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಧ್ಯಾಂಕಕ್ಕಿಂತ ಕೆಳಗಿದ್ದವರ ತೃಪ್ತಿ ಕುಂದಿತು, ಬೇರೆ ಕೆಲಸ ಹುಡುಕುವ ಮನಸ್ಸು ಬಲಿಯಿತು. ಮೇಲಿದ್ದವರಿಗೆ ಮಾತ್ರ ಸಂತೋಷವೇನೂ ಹೆಚ್ಚಲಿಲ್ಲ. ಇನ್ನೊಂದು ಅಧ್ಯಯನ ಇದಕ್ಕಿಂತ ವಿಚಿತ್ರ. ಸಂಬಳದ ವಿಷಯ ಪರಸ್ಪರ ಮಾತಾಡುವ ಹಕ್ಕನ್ನು ನೌಕರರಿಗೆ ಕೊಟ್ಟ ಅಮೆರಿಕದ ರಾಜ್ಯಗಳಲ್ಲಿ ಸಂಬಳ ಸುಮಾರು ಶೇಕಡ 2ರಷ್ಟು ಇಳಿಯಿತು. ಕಾರಣ ಸ್ಪಷ್ಟ: ‘ನಿನಗೊಬ್ಬನಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ’ ಎಂಬ ಬಲವಾದ ಮಾತು ಧಣಿಗೆ ಸಿಕ್ಕಿತು.

ಆದರೂ ಬೆಳಕಿನಿಂದ ನಿಜವಾದ ಉಪಕಾರವಾದ ಒಂದು ಪ್ರಸಂಗ ನಮ್ಮ ಹೆಣ್ಣುಮಕ್ಕಳು ಅಗತ್ಯವಾಗಿ ತಿಳಿಯಬೇಕಾದದ್ದು. ಇಂಜಿನಿಯರುಗಳಿಗೆ ಕೆಲಸ ಹುಡುಕಿಕೊಡುವ ಅಮೆರಿಕದ ಸಂಸ್ಥೆಯೊಂದರಲ್ಲಿ ಅಭ್ಯರ್ಥಿಗಳು ತಮಗೆ ಬೇಕಾದ ಸಂಬಳವನ್ನು ತಾವೇ ಬರೆಯಬೇಕಾಗಿತ್ತು. ಒಂದೇ ಬಗೆಯ ಯೋಗ್ಯತೆಯಿದ್ದರೂ ಹೆಂಗಸರು ಗಂಡಸರಿಗಿಂತ ಸುಮಾರು ಶೇಕಡ 3 ಕಡಮೆ ಕೇಳುತ್ತಿದ್ದರೆಂದು ನೀನಾ ರೂಸಿಲ್ ಎಂಬ ಸಂಶೋಧಕಿ ಕಂಡರು. 2018ರಲ್ಲಿ ಆ ಸಂಸ್ಥೆ ಖಾಲಿ ಜಾಗವನ್ನು ಬಿಡದೆ, ಆ ಹುದ್ದೆಯ ಮಧ್ಯಾಂಕವನ್ನು ಅಲ್ಲಿ ಮೊದಲೇ ತುಂಬಿ ತೋರಿಸತೊಡಗಿತು. ಅಷ್ಟರಿಂದಲೇ ಕೇಳುವುದರಲ್ಲಿದ್ದ ಅಂತರ ಮುಚ್ಚಿಹೋಯಿತು. ಕಂಪನಿಗಳು ಕೊಡಲೊಪ್ಪಿದ ಸಂಬಳದ ಅಂತರವೂ ಮುಚ್ಚಿತು. ಕಡಮೆ ಕೇಳಿದ್ದು ಕಡಮೆ ಯೋಗ್ಯತೆಯಿಂದಲ್ಲ, ದರ ತಿಳಿಯದ ಸಂಕೋಚದಿಂದ. ನಮ್ಮಲ್ಲಿ ಸಮಾನ ಕೆಲಸಕ್ಕೆ ಸಮಾನ ಸಂಬಳವೆಂಬ ಕಾನೂನು 1976ರಲ್ಲಿಯೇ ಬಂದಿತು. ಆದರೆ ಪಕ್ಕದವನ ಸಂಬಳವೇ ತಿಳಿಯದವಳು ಸಮಾನವೋ ಅಲ್ಲವೋ ಎಂದು ಹೇಗೆ ಹೇಳಿಯಾಳು? ಆದುದರಿಂದಲೇ ಯುರೋಪಿನ ಒಕ್ಕೂಟ 2023ರಲ್ಲಿ ನಿರ್ದೇಶನವೊಂದನ್ನು ಹೊರಡಿಸಿ, ಅಭ್ಯರ್ಥಿಗೆ ಸಂಬಳದ ಮಿತಿಯನ್ನು ಮುಂಚೆಯೇ ತಿಳಿಸಬೇಕು, ಹಳೆಯ ಸಂಬಳ ಕೇಳಬಾರದು ಎಂದು ವಿಧಿಸಿತು. ಸದಸ್ಯ ರಾಷ್ಟ್ರಗಳು ಅದನ್ನು ಕಾನೂನಾಗಿಸಲು 2026ರ ಜೂನ್ 7ರ ಗಡುವನ್ನೂ ಕೊಟ್ಟಿತು.

ಕೇಳುವ ಮೊದಲು ಅಳೆಯಿರಿ

ನಮ್ಮ ಯುವಕ ಯುವತಿಯರು ಅಂಕಿಗಳನ್ನು ಹಿಡಿದು ಹೋಗುವ ಮೊದಲು ಎರಡು ಅಂಕಿಗಳು ಒಂದೇ ಜಾತಿಯವೇ ಎಂದು ನೋಡಬೇಕು. ಕೆಲಸದ ಪತ್ರದಲ್ಲಿರುವ ‘ಸಿ.ಟಿ.ಸಿ.’ ಎಂಬುದು ಕಂಪನಿಗೆ ತಗಲುವ ಒಟ್ಟು ಖರ್ಚು; ಕೈಗೆ ಬರುವ ಸಂಬಳವಲ್ಲ. ವರ್ಷಕ್ಕೆ ಹನ್ನೆರಡು ಲಕ್ಷವೆಂದರೆ ತಿಂಗಳಿಗೆ ಒಂದು ಲಕ್ಷ ಬರುವುದೆಂದು ಮನೆಮಂದಿ ಹಿಗ್ಗುತ್ತಾರೆ. ಲೆಕ್ಕ ಹಾಕೋಣ. ಮೂಲ ವೇತನ ಅದರ ಅರ್ಧ, ಅಂದರೆ ಆರು ಲಕ್ಷವೆನ್ನಿ. ಅದರ ಶೇಕಡ 12ರಂತೆ ಕಂಪನಿ ಭವಿಷ್ಯ ನಿಧಿಗೆ ಕಟ್ಟುವ 72,000, ಶೇಕಡ 4.81ರಂತೆ ಗ್ರಾಚ್ಯುಯಿಟಿಗೆ ತೆಗೆದಿಡುವ 28,860. ಕೆಲಸ ನೋಡಿ ವರ್ಷದ ಕೊನೆಗೆ ಕೊಟ್ಟರೂ ಕೊಡಬಹುದಾದ ಒಂದು ಲಕ್ಷದ ಇಪ್ಪತ್ತು ಸಾವಿರ. ಇಷ್ಟೂ ಹನ್ನೆರಡು ಲಕ್ಷದೊಳಗೇ ಸೇರಿರುತ್ತವೆ. ಉಳಿದದ್ದು ತಿಂಗಳಿಗೆ 81,595. ಅದರಲ್ಲಿ ನೌಕರನ ಪಾಲಿನ ಭವಿಷ್ಯ ನಿಧಿ 6,000 ಕಳೆದರೆ 75,595; ವೃತ್ತಿ ತೆರಿಗೆ ಬೇರೆ. ಒಂದು ಲಕ್ಷದ ಕಾಲುಭಾಗ ಕಾಗದದಲ್ಲಿಯೇ ಉಳಿಯಿತು. ಭವಿಷ್ಯ ನಿಧಿ ನಮ್ಮ ಹಣವೇ, ಅದು ನಷ್ಟವಲ್ಲ. ಆದರೆ ಮನೆ ಬಾಡಿಗೆಯನ್ನು ಅದರಿಂದ ಕಟ್ಟಲಾಗದು.

ಎರಡನೆಯದು, ಒಂದೇ ಮೂಲವನ್ನು ನಂಬದಿರುವುದು. ಅದೇ ಊರಿನಲ್ಲಿ, ಅಷ್ಟೇ ವರ್ಷದ ಅನುಭವದಿಂದ, ಅದೇ ಕೆಲಸ ಮಾಡುತ್ತಿರುವ ನಾಲ್ಕೈದು ಮಂದಿಯನ್ನು ನಯವಾಗಿ ವಿಚಾರಿಸಿದರೆ ಪತ್ರಿಕೆಯ ಸರಾಸರಿಗಿಂತ ಒಳ್ಳೆಯ ಸಮೀಕ್ಷೆ ಅಲ್ಲೇ ಆಗುತ್ತದೆ. ‘ನಿಮ್ಮ ಸಂಬಳವೆಷ್ಟು?’ ಎನ್ನುವ ಬದಲು ‘ಈ ಹುದ್ದೆಗೆ ಸಾಮಾನ್ಯವಾಗಿ ಎಷ್ಟರಿಂದ ಎಷ್ಟರವರೆಗೆ ಕೊಡುತ್ತಾರೆ?’ ಎಂದರೆ ಯಾರೂ ಮುಖ ತಿರುಗಿಸರು. ಮೂರನೆಯದು, ‘ನಿಮಗೆಷ್ಟು ಬೇಕು?’ ಎಂಬ ಪ್ರಶ್ನೆಗೆ ಅವಸರದ ಉತ್ತರ ಕೊಡದೆ, ‘ಈ ಹುದ್ದೆಗೆ ನೀವು ಇಟ್ಟಿರುವ ಮಿತಿಯೆಷ್ಟು?’ ಎಂದು ವಿನಯದಿಂದ ಮರಳಿ ಕೇಳುವುದು. ಮಿತಿ ತಿಳಿದರೆ ಚೌಕಾಸಿ ಜಗಳವಾಗದು. ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

ಇಷ್ಟೆಲ್ಲ ಹೇಳಿದರೂ ಒಂದು ಮಾತನ್ನು ಮರೆಯಬಾರದು. ಸಮೀಕ್ಷೆ ಹೇಳುವುದು ಹುದ್ದೆಯ ಬೆಲೆಯನ್ನು, ಮನುಷ್ಯನ ಬೆಲೆಯನ್ನಲ್ಲ. ನಲವತ್ತು ಸಾವಿರದ ಮಗನನ್ನು ಎಂಬತ್ತು ಸಾವಿರದ ನೆರೆಮನೆಯ ಹುಡುಗನೊಡನೆ ತೂಗಿ ನೋಡುವ ಸಮೀಕ್ಷೆ ನಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ನಡೆಯುತ್ತಲೇ ಇರುತ್ತದೆ. ಅದರಿಂದ ಯಾರ ಸಂಬಳವೂ ಏರಿದ್ದಿಲ್ಲ. ಅಂಕಿಗಳನ್ನು ತಿಳಿದುಕೊಳ್ಳುವುದು ಕೋಣೆಯೊಳಗೆ ತಲೆಯೆತ್ತಿ ಮಾತಾಡುವುದಕ್ಕೆ. ಮನೆಯಲ್ಲಿ ಅವು ಯಾರ ತಲೆಯನ್ನೂ ತಗ್ಗಿಸಬಾರದು.